ಗೆರೆಯ ಮೇಲಿನ ಕಾಗೆ

ನನ್ನನ್ನು ಹಿಡಿದುಹಾಕುವವರು ಹುಟ್ಟಿಲ್ಲವೆಂದೇ ನಾನು ಎಪ್ಪತ್ಮೂರು ವರ್ಷ ತಿಳಿದುಕೊಂಡಿದ್ದೆ. ತಿಳಿಯಲು ಕಾರಣವೂ ಇತ್ತು. ಕುಮಟಾ–ಭಟ್ಕಳ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಒಂದು ಮಳೆಗಾಲದ ಬೆಳಿಗ್ಗೆ ಹೊನ್ನಾವರದ ದೊಡ್ಡ ಸೇತುವೆ ಬಂತೆನ್ನುವಾಗ ಎದ್ದು ನಿಂತು, "ಹೊಳೇಲಿ ನೀರು ಏರಿದೆ, ಬಸ್ಸು ಹಗುರ ಆಗ್ಬೇಕು, ಸೇತುವೆ ದಾಟೂವರೆಗೆ ಎಲ್ಲರೂ ಉಸಿರು ಹಿಡ್ಕಳಿ" ಎಂದೆ. ಬಸ್ಸಿಗೆ ಬಸ್ಸೇ ಹಿಡಿಯಿತು. ಆ ಸೇತುವೆಯ ಉದ್ದ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಅರ್ಧಕ್ಕೇ ಬಿಟ್ಟವರು ಕಳ್ಳರ ಹಾಗೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಭಟ್ಕಳದ ಜವಳಿ ವ್ಯಾಪಾರಿಯೊಬ್ಬರು ಮಾತ್ರ ಬದನೆಕಾಯಿ ಬಣ್ಣಕ್ಕೆ ತಿರುಗಿದರೂ ಬಿಡಲಿಲ್ಲ. ಇಳಿಯುವಾಗ ನನ್ನ ಕೈ ಹಿಡಿದು, "ನೀವು ಹೇಳಿದ್ದು ಒಳ್ಳೇದಾಯ್ತು" ಎಂದು ಹೋದರು.

ಅಂಥ ನನ್ನನ್ನು ಹಿಡಿದವಳು ನಾಲ್ಕನೆಯ ಕ್ಲಾಸಿನ ಹುಡುಗಿ. ಅವಳ ಕೈಯಲ್ಲಿದ್ದದ್ದು ಒಂದು ಪೆನ್ಸಿಲ್ಲು. ಆ ಹೊಡೆತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ಮೊದಲು ನನ್ನ ದೊಡ್ಡ ವಿದ್ಯೆಯ ವಿಷಯ ಹೇಳಬೇಕು. ನಮ್ಮೂರು ಹೊಳನಗದ್ದೆಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೆರಡನೆಯ ದಿನ, ಆಮೇಲೆ ವರ್ಷ ವರ್ಷ ಆ ದಿನಕ್ಕೆ, ಹೋದವರಿಗೆ ಏನು ಇಷ್ಟವೋ ಅದನ್ನೆಲ್ಲ ಬಾಳೆ ಎಲೆಗೆ ಬಡಿಸಿ ಅಂಗಳದಲ್ಲಿ ಎಡೆ ಇಡುತ್ತೇವೆ. ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟದಿದ್ದರೆ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡತೊಡಗುತ್ತಾರೆ: ಯಾರ ಮೇಲೆ ಸಿಟ್ಟು, ಯಾವ ಆಸೆ ಉಳಿಯಿತು. ಊಟ ಆರುತ್ತದೆ, ಬಂದ ನೆಂಟರ ಹೊಟ್ಟೆ ಚುರುಗುಟ್ಟುತ್ತದೆ, ಕಾಗೆ ತೆಂಗಿನ ಗರಿಯ ಮೇಲೆ ಕುಳಿತು ಕೊಕ್ಕು ಉಜ್ಜುತ್ತದೆ.

ಆಗ ನನಗೆ ಕರೆ ಬರುತ್ತದೆ. ನಾನು ಕೆಂಪು ಚೌಕದ ಟವೆಲ್ಲನ್ನು ಹೆಗಲಿಗೆ ಹಾಕಿ ಗಂಭೀರವಾಗಿ ಹೋಗಿ, ಎಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಎಲೆ ಸರಿಪಡಿಸುವ ನೆಪದಲ್ಲಿ ಒಂದು ಮುಷ್ಟಿ ಒಣ ಸಿಗಡಿಯನ್ನು ಅದರ ಅಡಿಗೆ ತೂರಿಸಿ, ಎದ್ದು ನಿಂತು ಮೂರು ಸಲ ಕೆಮ್ಮುತ್ತೇನೆ. ಕಾಗೆ ಬರುತ್ತದೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ನಾನು ಮೊದಲ ಪಂಕ್ತಿಯಲ್ಲಿ ಕೂರುತ್ತೇನೆ.

ಗುಟ್ಟು ಇಷ್ಟೇ. ದಿನಾ ಬೆಳಿಗ್ಗೆ ನನ್ನ ಹಿತ್ತಲ ಗೋಡೆಯ ಮೇಲೆ ಕಾಗೆಗಳಿಗೆ ಸಿಗಡಿ ಹಾಕಿ ಕೆಮ್ಮುತ್ತಿದ್ದೆ. ಆ ಸಿಗಡಿಗಾಗಿಯೇ ತಿಂಗಳಿಗೊಮ್ಮೆ ಹೊನ್ನಾವರದ ಹತ್ತಿರದ ಕಾಸರಕೋಡಕ್ಕೆ ಹೋಗಿ ಬರುತ್ತಿದ್ದೆ. ಊರಿನವರು ನನಗೆ ವರ ಇದೆ ಎಂದರು. ಇಲ್ಲ ಎನ್ನಲು ನಾನೇನು ಹುಚ್ಚನೇ.

ಹೋದ ವರ್ಷ ಪಕ್ಕದ ಮನೆಯ ನನ್ನ ಗೆಳೆಯ ತೀರಿಕೊಂಡ. ನನ್ನ ಬಾಲ್ಯದ ಜೊತೆಗಾರ. ಕೊನೆಯ ಸಂಜೆ ಅವನು ಹೆಂಡತಿಯ ಹತ್ತಿರ ಹುರಿದ ಬಂಗಡೆ ಕೇಳಿದ್ದನಂತೆ. ಡಾಕ್ಟರು ಬೇಡವೆಂದಿದ್ದರು, ಅವಳು ಗಂಜಿ ಕೊಟ್ಟಳು. ಅವನು ಬಟ್ಟಲು ದೂಡಿ ಗೋಡೆಯ ಕಡೆ ತಿರುಗಿ ಮಲಗಿದ. ಬೆಳಿಗ್ಗೆ ಏಳಲಿಲ್ಲ. ಹನ್ನೆರಡನೆಯ ದಿನ ಅವಳು ಎಡೆಗೆ ಬಂಗಡೆಯನ್ನೇ ಹುರಿದು ಇಟ್ಟಳು. ಮಧ್ಯಾಹ್ನ ಎರಡಾದರೂ ಕಾಗೆ ಬರಲಿಲ್ಲ. ಅವಳು ಅಂಗಳದ ಮಣ್ಣಿನಲ್ಲಿ ಕೂತುಬಿಟ್ಟಿದ್ದಳು. ಹನ್ನೆರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ನಾನು ಕರೆಯುವ ಮೊದಲೇ ಹೋದೆ, ಟವೆಲ್ಲು ಕೊಡವಿದೆ, ಕೆಮ್ಮಿದೆ. ಕಾಗೆ ಬಂದು ಎಲೆಯ ಅಂಚನ್ನು ಎತ್ತಿತು. "ಕ್ಷಮಿಸ್ದ್ರಪ್ಪ" ಎಂದಳು ಅವಳು. ಅವತ್ತು ಸಂಜೆ ಉಂಡಳು. ಆಮೇಲೆ ಮನೆಯ ಕೆಲಸ, ಗದ್ದೆಯ ಬದುವಿನ ಬಸಳೆ, ಮೊಮ್ಮಗಳ ಜಡೆ, ಎಲ್ಲ ಮೊದಲಿನ ಹಾಗೆ. ಇದು ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೀಟಲೆ ಎಂದು ಎದೆ ತಟ್ಟಿಕೊಂಡಿದ್ದೆ.

ಈ ವರ್ಷ ನಮ್ಮೂರ ಶಾಲೆಗೆ ಹೊಸ ಅಕ್ಕೋರು ಬಂದರು. ಭಟ್ಕಳದವರು, ಸಣ್ಣ ವಯಸ್ಸು, ಕುಮಟೆಯಲ್ಲಿ ಕೋಣೆ ಮಾಡಿಕೊಂಡಿದ್ದಾರೆ. ಊರಿನಲ್ಲಿ ಕಥೆ ಹೇಳುವವರು ಯಾರು ಎಂದು ವಿಚಾರಿಸಿದರೆ ಇನ್ನು ಯಾರ ಹೆಸರು ಬರಬೇಕು. ಶನಿವಾರ ನನ್ನನ್ನು ಕರೆಸಿ ಮಕ್ಕಳ ಎದುರು ಕುರ್ಚಿ ಹಾಕಿದರು.

"ಅಜ್ಜಾ, ಪ್ರಾಣಿಗಳ ವಿಷಯ ಏನಾದ್ರೂ ಹೇಳಿ. ಮಕ್ಕಳು ಆಮೇಲೆ ಬರೀತಾರೆ."

ನಾನು ಬಿಟ್ಟೆ. ಕೊಕ್ಕರೆ ಒಂಟಿ ಕಾಲಲ್ಲಿ ನಿಲ್ಲುವುದು ಇನ್ನೊಂದು ಕಾಲನ್ನು ಒಣಗಿಸಿಕೊಳ್ಳಲು ಎಂದೆ. ಕೋಳಿ ನೀರು ಕುಡಿಯುವಾಗ ಪ್ರತಿ ಗುಟುಕಿಗೂ ದೇವರಿಗೆ ಉಪಕಾರ ಹೇಳುತ್ತದೆ ಎಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಅಕ್ಕೋರು ನಗುತ್ತಾ ಕೇಳಿ, ಕೊನೆಗೆ ಮಕ್ಕಳಿಗೆ ಹೇಳಿದರು: "ಅಜ್ಜ ಹೇಳಿದ್ದು ಹೌದೋ ಅಲ್ವೋ, ಹೋಗಿ ನೋಡಿ ಬನ್ನಿ."

ಅವರ ಕ್ರಮ ಹೀಗೆ. ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿ. ದಿನಾ ಒಂದೇ ಜಾಗದಲ್ಲಿ ಕೂತು ಅದನ್ನೇ ನೋಡಬೇಕು. ಮೊಬೈಲಿನಲ್ಲಿ ಫೋಟೋ ಹೊಡೆಯುವಂತಿಲ್ಲ. ಪಟ್ಟಿಯ ಹಾಳೆಗೆ, ಅಂದರೆ ನೋಟುಬುಕ್ಕಿನ ಹಾಳೆಗೆ, ನಡುವೆ ಒಂದು ಅಡ್ಡ ಗೆರೆ. ಗೆರೆಯ ಮೇಲೆ ಕಣ್ಣು ಕಂಡದ್ದು ಮಾತ್ರ. ಗೆರೆಯ ಕೆಳಗೆ ಮನಸ್ಸಿಗೆ ಅನಿಸಿದ್ದು, ಎಷ್ಟು ಬೇಕಾದರೂ. ಬರೆದದ್ದರಲ್ಲಿ ಮನುಷ್ಯರು ಬಂದರೆ, ಶಾಲೆಯಲ್ಲಿ ಓದುವ ಮೊದಲು ಆ ಮನುಷ್ಯರಿಗೆ ಓದಿ ಹೇಳಬೇಕು. ಕೇಳಿ ನನಗೆ ನಗು ಬಂತು. ನಾನು ಆಯುಷ್ಯವಿಡೀ ಗೆರೆಯ ಕೆಳಗೇ ಸಂಸಾರ ಮಾಡಿದವನು.

ಮುಂದಿನ ಶನಿವಾರ ಮೊದಲ ಪೆಟ್ಟು ಬಿತ್ತು. ಕೊಕ್ಕರೆ ನೋಡಲು ಹೋದವ ಎದ್ದು ನಿಂತು ಓದಿದ: "ಕೊಕ್ಕರೆ ಕಾಲು ಬದಲಿಸಿತು. ಎರಡೂ ಕಾಲು ಒದ್ದೆ ಇತ್ತು. ಅದು ಕಾಲನ್ನು ಹೊಟ್ಟೆಯ ಪುಕ್ಕದ ಒಳಗೆ ಇಟ್ಟುಕೊಂಡಿತ್ತು." ಗೆರೆಯ ಕೆಳಗೆ: "ಅದಕ್ಕೆ ಕಿಸೆ ಇಲ್ಲ, ಅದಕ್ಕೇ." ಎಲ್ಲರೂ ನನ್ನ ಕಡೆ ತಿರುಗಿದರು. ಕೊಕ್ಕರೆಗಳಲ್ಲೂ ಸೋಮಾರಿಗಳಿರುತ್ತವೆ ಎಂದು ತಪ್ಪಿಸಿಕೊಂಡೆ. ಆದರೆ ಒಳಗೆ ದಂಗಾಗಿದ್ದೆ. ಎಪ್ಪತ್ತು ವರ್ಷ ಅದೇ ಗದ್ದೆಯ ಬದುವಿನ ಮೇಲೆ ಓಡಾಡಿದವನು ನಾನು. ಆ ಪುಕ್ಕದೊಳಗಿನ ಕಾಲನ್ನು ಒಂದು ದಿನವೂ ನೋಡಿರಲಿಲ್ಲ.

ಗೆಳೆಯನ ಮೊಮ್ಮಗಳು ಕಾಗೆ ತೆಗೆದುಕೊಂಡಿದ್ದಳು. ಕೂರಲು ಆರಿಸಿಕೊಂಡ ಜಾಗ ನನ್ನ ಹಿತ್ತಲ ಗೋಡೆಯ ಆಚೆ, ಅವರ ಬಟ್ಟೆ ಒಗೆಯುವ ಕಲ್ಲು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳು ಎಂಥವಳೆಂದು ಗೊತ್ತಿತ್ತಲ್ಲ. ಹಲಗೆಯ ಮೇಲಿದ್ದದ್ದನ್ನು ಮುತ್ತು ಪೋಣಿಸಿದಂತೆ ನಕಲು ಮಾಡುತ್ತಾಳೆ, ನಿನ್ನದೇ ಒಂದು ವಾಕ್ಯ ಬರಿ ಎಂದರೆ ಪೆನ್ಸಿಲ್ಲಿನ ಹಿಂಬದಿ ಅಗಿಯುತ್ತಾಳೆ. ಮೂರು ವರ್ಷದಿಂದ ಹಾಗೇ.

ಒಂದು ತಿಂಗಳಾದ ಮೇಲೆ, ಬುಧವಾರ ಸಂಜೆ, ಪಟ್ಟಿ ಹಿಡಿದುಕೊಂಡು ಬಂದು ನನ್ನ ಜಗಲಿಯ ಮೇಲೆ ಕೂತಳು.

"ಅಜ್ಜ, ನೀ ಇದ್ರಲ್ಲಿ ಬತ್ತೆ. ಓದಿ ಹೇಳ್ಬೇಕು ಅಂದಾರೆ ಅಕ್ಕೋರು. ಶನಿವಾರ ಶಾಲೇಲಿ ಓದೂದದೆ."

"ನಾ ಬರದೇ ಯಾವ ಕಥೆ ಅದೆ ಈ ಊರಲ್ಲಿ. ಓದು ಓದು."

ಓದಿದಳು. "ಒಂದನೇ ದಿನ. ಕಾಗೆ ಬಂತು. ಹೋಯಿತು." ನಾನು ಎಲೆ ಅಡಿಕೆ ಮಡಿಸುತ್ತಾ ತಲೆಯಾಡಿಸಿದೆ. "ಆರನೇ ದಿನ. ಕಾಗೆ ಪೂರಾ ಕಪ್ಪು ಅಲ್ಲ. ಕುತ್ತಿಗೆ ಬೂದಿ ಬಣ್ಣ. ನಾನು ಇಷ್ಟು ವರ್ಷ ಚಿತ್ರದಲ್ಲಿ ಎಲ್ಲಾ ಕಪ್ಪು ಹಾಕುತ್ತಿದ್ದೆ." ಮಡಿಸುವುದನ್ನು ನಿಲ್ಲಿಸಿದೆ. "ಹನ್ನೊಂದನೇ ದಿನ. ಕಾಗೆ ಒಣ ರೊಟ್ಟಿಯ ತುಂಡನ್ನು ದನಕ್ಕಿಟ್ಟ ಮಡ್ಡಿ ನೀರಲ್ಲಿ ಅದ್ದಿ ತಿಂದಿತು. ಅಜ್ಜಿ ಚಾದಲ್ಲಿ ಅದ್ದಿದ ಹಾಗೆ." ಗೆರೆಯ ಕೆಳಗೆ: "ಅದಕ್ಕೂ ಹಲ್ಲಿಲ್ಲ."

ಎಲೆ ಕೈಯಲ್ಲೇ ಉಳಿಯಿತು. ಪೆನ್ಸಿಲ್ಲು ಅಗಿಯುವ ಹುಡುಗಿಯೇ ಇವಳು?

"ಹದಿನಾರನೇ ದಿನ. ಅಜ್ಜ ಟವೆಲ್ ಇಲ್ಲದೆ ಬಂದು ಕೆಮ್ಮಿದರು. ಕಾಗೆ ಬರಲಿಲ್ಲ. ಒಳಗೆ ಹೋಗಿ ಟವೆಲ್ ಹಾಕಿಕೊಂಡು ಬಂದರು. ಬಂದವು. ಹದಿನೇಳನೇ ದಿನ. ಅಜ್ಜ ಸ್ನಾನಕ್ಕೆ ಹೋಗಿದ್ದರು. ಟವೆಲ್ ಹಗ್ಗದ ಮೇಲಿತ್ತು. ನಾನು ಹಾಕಿಕೊಂಡು ಗೋಡೆ ಹತ್ತಿರ ನಿಂತೆ. ಏಳು ಕಾಗೆ ಬಂದವು. ನಾನು ಕೆಮ್ಮಲಿಲ್ಲ."

"ಸುಳ್ಳು," ಎಂದೆ.

"ಸುಳ್ಳಲ್ಲ. ಗೆರೆ ಮೇಲದೆ."

"ನನ್ನ ಕೆಮ್ಮಿನ ತಾಕತ್ತು ನಿಂಗೊತ್ತಿಲ್ಲ, ಕೂಸೆ. ಬಾ ತೋರಿಸ್ತೆ."

ಟವೆಲ್ಲನ್ನು ಜಗಲಿಯಲ್ಲೇ ಎಸೆದು ಹಿತ್ತಲಿಗೆ ಹೋದೆ. ಮೂರು ಸಲ ಕೆಮ್ಮಿದೆ. ತೆಂಗಿನ ಮೇಲಿದ್ದ ಕಾಗೆಗಳು ನನ್ನನ್ನೊಮ್ಮೆ ನೋಡಿ, ಪರಿಚಯವೇ ಇಲ್ಲದವರ ಹಾಗೆ ಸಮುದ್ರದ ಕಡೆ ತಿರುಗಿಕೊಂಡವು. ಮತ್ತೆ ಕೆಮ್ಮಿದೆ. ಪಕ್ಕೆ ನೋಯುವವರೆಗೆ ಕೆಮ್ಮಿದೆ. ಅಡಿಗೆಮನೆಯ ಕಿಟಕಿಯಿಂದ ನನ್ನ ಸೊಸೆ ಇಣುಕಿದಳು. "ಮಾವ, ಜ್ಯೇಷ್ಠಮಧು ಕೊಡ್ಲಾ?"

ಇಷ್ಟು ವರ್ಷ ಊರಿಗೆ ಟೋಪಿ ಹಾಕುತ್ತಿದ್ದೆ ಎಂದುಕೊಂಡಿದ್ದವನಿಗೆ ಕಾಗೆಗಳೂ ನನ್ನ ಟವೆಲ್ಲೂ ಸೇರಿ ಟೋಪಿ ಹಾಕಿದ್ದವು. ಆದರೆ ನಿಜವಾದ ಏಟು ಇನ್ನೂ ಬಾಕಿ ಇತ್ತು. ಅವಳು ಹಾಳೆ ತಿರುಗಿಸಿದಳು.

"ಇಪ್ಪತ್ನಾಲ್ಕನೇ ದಿನ. ಮೇಲಿನ ಕೇರಿಯಲ್ಲಿ ಎಡೆ ಇತ್ತು. ನಾನು ಅಜ್ಜಿ ಸಂಗಡ ಹೋಗಿದ್ದೆ. ಅಜ್ಜ ಎಲೆ ಹತ್ತಿರ ಕೂತರು. ಬಲಗೈ ಕಿಸೆಗೆ ಹೋಯಿತು. ಆಮೇಲೆ ಎಲೆಯ ಅಡಿಗೆ ಹೋಯಿತು. ಕಾಗೆ ಬಂದು ಮೊದಲು ಎಲೆಯ ಅಡಿಗೆ ಕೊಕ್ಕು ಹಾಕಿತು. ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಎಲೆ ಎತ್ತಿ ನೋಡಿದೆ. ಒಣ ಸಿಗಡಿಯ ಮೀಸೆ ಇತ್ತು."

ಪುಟದ ನಡುವಿನ ಗೆರೆ. ಅದರ ಕೆಳಗೆ ಒಂದೇ ಸಾಲು: "ನಮ್ಮ ಅಜ್ಜನ ಎಡೆಗೂ ಹೀಗೇ ಆಗಿರಬಹುದು ಅಂತ ನನಗೆ ಅನಿಸುತ್ತದೆ."

ಅವಳು ಪಟ್ಟಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. "ಹೌದನಾ ಅಜ್ಜ?"

ಹೇಳುತ್ತೇನೆ, ಸುಳ್ಳು ಅಂದರೆ ನನಗೆ ಉಸಿರಿದ್ದ ಹಾಗೆ. ಬಸ್ಸಿನ ತುಂಬ ಜನರ ಎದುರು ತೊದಲಿದವನಲ್ಲ. "ಇಲ್ಲ, ನಿಮ್ಮಜ್ಜನದು ಅಸಲಿ ಕಾಗೆ" ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಏನೂ ಬರಲಿಲ್ಲ.

ಅವಳು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡಳು. "ನೀ ಹೇಳ್ದಿರೆ ಗೆರೆ ಕೆಳಗೇ ಇರ್ತದೆ. ಹೇಳಿದ್ರೆ ಮೇಲೆ ಹೋಗ್ತದೆ. ನಾಳೆ ರಾತ್ರೆ ಊಟ ಆದ್ಮೇಲೆ ಅಜ್ಜಿಗೆ ಓದ್ತೆ. ಅವಳೂ ಇದ್ರಲ್ಲಿ ಬತ್ತಾಳೆ."

"ಕೂಸೆ, ಬೇರೆ ಪ್ರಾಣಿ ತಗಳೆ. ಓಂ ಬೀಚಿಗೆ ಕರ್ಕಂಡು ಹೋಗ್ತೆ. ಅಲ್ಲಿ ಫಾರಿನ್ನಿನವ್ರ ಜೊತೆ ಯೋಗ ಮಾಡೂ ನಾಯಿ ಅದೆ."

"ನೀ ಕಂಡಿದ್ಯಾ?"

"...ಕೇಳಿದ್ದೆ."

"ಕೆಳಗೆ," ಎಂದು ಪಟ್ಟಿ ಮುಚ್ಚಿ ಎದ್ದು ಹೋದಳು.

ಮರುದಿನ ಶಾಲೆ ಬಿಡುವ ಮೊದಲೇ ಅಕ್ಕೋರ ಹತ್ತಿರ ಓಡಿದೆ. ಎಲ್ಲ ಹೇಳಿದೆ, ಗಂಜಿಯ ಬಟ್ಟಲಿನಿಂದ ಸಿಗಡಿಯವರೆಗೆ. ಬದುಕಿನಲ್ಲಿ ಮೊದಲ ಸಲ ಒಂದು ಸಂಗತಿಗೆ ಬಣ್ಣ ಹಚ್ಚದೆ ಹೇಳಿದ್ದು. ಅವರ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

"ಅಕ್ಕೋರೇ, ಆ ಒಂದು ಹಾಳೆ ತೆಗೆಸಿ. ಆ ಹೆಂಗಸು ಮತ್ತೆ ಅನ್ನ ಬಿಡ್ತದೆ."

ಅವರು ಹಲಗೆಯನ್ನು ಪೂರ್ತಿ ಒರೆಸಿದರು. ಆಮೇಲೆ ಹೇಳಿದರು: "ಅಜ್ಜಾ, ನಮ್ಮ ಮನೆಯಲ್ಲಿ ಮಾತು ನವಾಯತಿ. ಕನ್ನಡದಲ್ಲಿ ನಾನು ನಾಲ್ಕನೆಯ ಕ್ಲಾಸಿನವರೆಗೆ ಬರೀ ಕಾಪಿ. ಒಬ್ಬ ಮಾಸ್ತರರು, ನಿಮ್ಮ ಮನೆ ಬೆಕ್ಕು ಇವತ್ತು ಏನು ಮಾಡ್ತು ಅಂತ ದಿನಾ ಬರ್ಕೊಂಡು ಬಾ ಅಂದ್ರು. ಬೆಕ್ಕು ಮಲಗಿತು, ಬೆಕ್ಕು ಎದ್ದಿತು. ಒಂದು ದಿನ ಬೆಕ್ಕು ಅದರ ಮರಿಯನ್ನೇ ತಿಂದದ್ದು ಕಂಡೆ. ಬರೆದೆ. ಮಾಸ್ತರರು ಓದಿ ಮುಖ ಸಣ್ಣ ಮಾಡ್ಕೊಂಡ್ರು, ಆದರೆ ಹೊಡೆದು ಹಾಕಲಿಲ್ಲ. ಕೆಳಗೆ, ‘ನೋಡಿದ್ದಕ್ಕೆ ಶಹಬ್ಬಾಸ್’ ಅಂತ ಬರೆದ್ರು. ಹೊಡೆದು ಹಾಕಿದ್ದರೆ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ."

"ಹಂಗಾರೆ ಎಂತ ಮಾಡೂದು?"

"ಹಾಳೆ ತೆಗೆಸಬಹುದು. ನಾನು ಹೇಳಿದ್ರೆ ಅವಳು ತೆಗೀತಾಳೆ, ಅಷ್ಟು ವಿಧೇಯ ಮಗು. ಆಮೇಲೆ ಏನು ಬರೀತಾಳೆ ಅಂತ ನೀವೇ ಹೇಳಿ. ಮತ್ತೆ ಹಲಗೆ ನೋಡಿ ಕಾಪಿ." ಅವರು ಮುರಿದ ಸೀಮೆಸುಣ್ಣದ ತುಂಡು ಹೆಕ್ಕಿದರು. "ಅಜ್ಜಿಗೆ ಮಗುವಿನ ಬಾಯಿಂದ ಗೊತ್ತಾಗಬೇಕಾ?"

ಉತ್ತರವಿಲ್ಲದೆ ನಾನು ಎಲ್ಲಿಂದಲೂ ಹೊರಬಿದ್ದವನಲ್ಲ. ಅವತ್ತು ಬಿದ್ದೆ.

ಗೆಳೆಯನ ಹೆಂಡತಿ ಹಿಂಬದಿಯ ಅಂಗಳದಲ್ಲಿ ಮುರುಗಲ ಸಿಪ್ಪೆಯನ್ನು ಒಣಗಲು ಹರಡುತ್ತಿದ್ದಳು. ಕೈಯೆಲ್ಲ ಕೆಂಪು. ನಾನು ಮೊದಲೇ ಕೂತುಬಿಟ್ಟೆ, ಓಡಿಹೋಗದಂತೆ.

"ಎಂತ ಭಾವ, ಈ ಹೊತ್ತಿಗೆ? ಚಾ ಕುಡೀತ್ರಾ?"

"ಬ್ಯಾಡ ಅತ್ತಿಗೆ. ಒಂದು ಮಾತದೆ. ಅವತ್ತು ಹನ್ನೆರಡನೇ ದಿವ್ಸ ಕಾಗೆ ಬಂತಲ್ಲ. ಅದು ತಾನಾಗಿ ಬಂದದ್ದಲ್ಲ. ಅದು ನಾ ಸಾಕಿದ ಕಾಗೆ. ಎಲೆ ಅಡಿಗೆ ನಾ ತಿನ್ನೂಕೆ ಇಟ್ಟಿದ್ದೆ."

ಅವಳ ಕೈ ಸಿಪ್ಪೆ ಹರಡುವುದನ್ನು ನಿಲ್ಲಿಸಲಿಲ್ಲ. ಒಂದು ಸಾಲು ಮುಗಿಸಿದಳು. ಇನ್ನೊಂದು ಹಿಡಿದಳು. ನಾನು ಕಾದೆ: ಅಳುತ್ತಾಳೆ, ಬೈಯುತ್ತಾಳೆ, ಮೊರ ತೆಗೆದು ತಲೆಯ ಮೇಲೆ ಹೊಡೆಯುತ್ತಾಳೆ. ಹೊಡೆದಿದ್ದರೆ ಹಾಯೆನಿಸುತ್ತಿತ್ತು.

"ಎಂತ ಇಟ್ಟಿದ್ರಿ?" ಎಂದಳು ಕೊನೆಗೆ.

"ಒಣ ಸಿಗಡಿ."

"ಅವ್ರಿಗೆ ಸಿಗಡಿ ಆಗ್ತಿರ್ಲಿಲ್ಲ. ತಿಂದ್ರೆ ಮೈಯೆಲ್ಲ ದದ್ದು ಏಳ್ತಿತ್ತು. ಮದುವೆ ಆದ್ಮೇಲೆ ಮುಟ್ದವ್ರಲ್ಲ." ಅವಳು ಮೊದಲ ಸಲ ನನ್ನ ಕಡೆ ನೋಡಿದಳು. "ಅರವತ್ತು ವರ್ಷದ ದೋಸ್ತಿ. ಅಷ್ಟೂ ಗೊತ್ತಿರ್ಲಿಲ್ವಾ ನಿಮ್ಗೆ?"

ಕೈ ತೊಳೆಯದೆ ಎದ್ದು ಒಳಗೆ ಹೋದಳು. ಬಾಗಿಲು ಮೆಲ್ಲಗೆ ಮುಚ್ಚಿತು.

ಬೈಗುಳಕ್ಕೆ ತಯಾರಾಗಿ ಹೋದವನು ನಾನು. ಅವನ ಎಲ್ಲ ಗುಟ್ಟು ನನ್ನ ಹೊಟ್ಟೆಯಲ್ಲಿದೆ ಎಂದು ಊರ ತುಂಬ ಜಂಬ ಕೊಚ್ಚುತ್ತಿದ್ದೆ. ನಮ್ಮ ಮನೆಯಲ್ಲಿ ಸಿಗಡಿ ಮಾಡಿದ ದಿನವೆಲ್ಲ ಅವನು, "ಹೊಟ್ಟೆ ತುಂಬಿದೆ ಮಾರಾಯ" ಎಂದು ಏಳುತ್ತಿದ್ದ. ಅವನಿಗೆ ಸೊಕ್ಕು ಎಂದುಕೊಂಡು ನಾನು ಅರವತ್ತು ವರ್ಷ ಅಣಕಿಸಿದ್ದೆ.

ಸಂಜೆ ಹುಡುಗಿ ಶಾಲೆಯಿಂದ ಬಂದಾಗ ಗೋಡೆಯ ಮೇಲಿನಿಂದಲೇ ಹೇಳಿದೆ: "ಹೌದು. ಮೇಲೆ ಬರಿ." ಅವಳು ಒಗೆಯುವ ಕಲ್ಲಿನ ಮೇಲೆ ಕೂತು ರಬ್ಬರಿನಿಂದ ಕೆಳಗಿನ ಸಾಲನ್ನು ಅಳಿಸಿ ಮೇಲೆ ಬರೆದಳು.

ಅವತ್ತು ರಾತ್ರಿ ಪಕ್ಕದ ಮನೆಯಲ್ಲಿ ಓದು ನಡೆಯಿತಂತೆ. ಅಜ್ಜಿ ಕೇಳಿ, "ಆತು, ಮಲಗು" ಎಂದಳಂತೆ. ಊಟ ಮಾಡಿದಳಾ ಎಂದು ಕೇಳಿದೆ. ಹುಡುಗಿ ತಲೆ ಅಡ್ಡ ಆಡಿಸಿದಳು. ಶುಕ್ರವಾರವೂ ಹಾಗೇ. ನಾನು ಕಾಗೆಗಳಿಗೆ ಏನೂ ಹಾಕಲಿಲ್ಲ. ಅವು ಗೋಡೆಯ ಮೇಲೆ ಸಾಲಾಗಿ ಕೂತು ನನ್ನ ಬಾಗಿಲು ನೋಡಿದವು, ಸಾಲಗಾರನ ಮನೆ ಕಾದ ಹಾಗೆ.

ಶನಿವಾರ ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿದ್ದರು. ಊರಿನ ಅರ್ಧ ಬಂದಿತ್ತು. ಕೊಕ್ಕರೆ ಆಯಿತು, ಕೋಳಿ ಆಯಿತು. ದೇವರಿಗೆ ಉಪಕಾರ ಹೇಳುವ ಕೋಳಿಯ ಮೇಲೆ ಸಣ್ಣದೊಂದು ಹುಡುಗಿ ಎರಡು ಪುಟ ಬರೆದು ನನ್ನನ್ನು ಮತ್ತೆ ಸುಳ್ಳನನ್ನಾಗಿ ಮಾಡಿದಳು. ಕಾಗೆಯ ಸರದಿ ಬರುವ ಹೊತ್ತಿಗೆ ಗೆಳೆಯನ ಹೆಂಡತಿ ಬಂದು ಹಿಂದಿನ ಕಂಬಕ್ಕೆ ಒರಗಿ ಕೂತಳು. ಎರಡೇ ದಿನದಲ್ಲಿ ಮುಖ ಬಾಡಿತ್ತು.

ಹುಡುಗಿ ಓದಿದಳು, ಒಂದಕ್ಷರ ಬಿಡದೆ. ಮಡ್ಡಿ ನೀರಿನ ರೊಟ್ಟಿಗೆ ಜನ ನಕ್ಕರು. ಟವೆಲ್ಲಿಗೆ ನಕ್ಕರು. ಕಿಸೆಯ ಜಾಗ ಬಂದಾಗ ನಗು ನಿಂತಿತು. ಸಿಗಡಿಯ ಮೀಸೆ ಬಂದಾಗ, ವರ್ಷ ವರ್ಷ ನನ್ನನ್ನು ಎಡೆಗೆ ಕರೆಸಿದ್ದ ಐದಾರು ಮನೆಯವರು ನನ್ನ ಕಡೆ ತಿರುಗಿದರು. ಆ ಕಣ್ಣುಗಳನ್ನು ನಾನು ಬೇಗ ಮರೆಯುವುದಿಲ್ಲ. ಕಡೆಯ ಸಾಲು: "ನಮ್ಮ ಅಜ್ಜನ ಎಡೆಗೂ ಹೀಗೇ ಆಗಿತ್ತು. ಪಕ್ಕದ ಮನೆ ಅಜ್ಜ ಹೌದು ಅಂದರು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕೋರು ಮಾತ್ರ ಮೆಲ್ಲಗೆ, "ನೋಡಿದ್ದಕ್ಕೆ ಶಹಬ್ಬಾಸ್" ಎಂದರು. ಹುಡುಗಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಈಗ ಮುಖ ತಿರುಗಿಸಿದರೆ ಈ ಮಗು ಮತ್ತೆ ಪೆನ್ಸಿಲ್ಲು ಅಗಿಯುತ್ತದೆ ಎಂದು ನಾನು ಅರ್ಧ ಎದ್ದೆ.

ಅಜ್ಜಿ ಎದ್ದು, ಚಾಪೆಗಳ ನಡುವೆ ದಾಟಿಕೊಂಡು ಬಂದು, ಮೊಮ್ಮಗಳ ಹತ್ತಿರ ನಿಂತಳು. "ನನ್ನ ರೊಟ್ಟಿ ಅದ್ದೂದನ್ನೂ ಬಿಡ್ಲಿಲ್ಲ ಇದು," ಎಂದು ಜನಕ್ಕೆ ಹೇಳಿದಳು. ಆಮೇಲೆ ನನ್ನ ಕಡೆ: "ಭಾವ, ಬರೂ ಆಯ್ತವಾರ ಅವ್ರ ವರ್ಷದ ದಿವ್ಸ. ಊಟಕ್ಕೆ ಬನ್ನಿ. ಕಿಸೆ ಕೊಡವಿ ಬನ್ನಿ."

ಭಾನುವಾರ ನಾನು ಬರಿ ಹೆಗಲಲ್ಲಿ ಹೋದೆ. ಬಾಗಿಲಲ್ಲಿ ಕಿಸೆಯ ಒಳಗನ್ನು ಹೊರಗೆಳೆದು ತೋರಿಸಿದೆ. ಅವಳು ನಗಲಿಲ್ಲ. ಅಂಗಳದಲ್ಲಿ ಎಲೆ ಹಾಕಿ, ಅನ್ನ, ಸಾರು, ಅವನಿಗೆ ಇಷ್ಟದ ಹಸಿ ಮಾವಿನ ಗೊಜ್ಜು, ನಡುವೆ ಎರಡು ಹುರಿದ ಬಂಗಡೆ ಇಟ್ಟಳು. ನಾವೆಲ್ಲ ಜಗಲಿಯ ಅಂಚಿಗೆ ನಿಂತೆವು. ಕಾಗೆಗಳು ತೆಂಗಿನ ಮೇಲಿದ್ದವು. ನೆಂಟರು ಒಬ್ಬೊಬ್ಬರಾಗಿ ನನ್ನ ಕಡೆ ಕಳ್ಳನೋಟ ಹಾಯಿಸಿದರು. ಗಂಟಲಲ್ಲಿ ಕೆಮ್ಮು ತಾನಾಗಿ ತುರಿಸಿತು. ನುಂಗಿದೆ.

ಅರ್ಧ ಗಂಟೆ. ಮುಕ್ಕಾಲು. ಯಾರೋ, "ಅವ್ರಿಗಿನ್ನೂ ಸಿಟ್ಟದ್ಯೋ ಎಂತದೋ" ಎಂದು ಗೊಣಗಿದರು. ಅವಳ ಬೆನ್ನು ನೆಟ್ಟಗಾದದ್ದು ಕಂಡೆ. ಹನ್ನೆರಡನೆಯ ದಿನ ಕೂತ ಹಾಗೆ ಮಣ್ಣಿಗೆ ಕುಸಿಯುತ್ತಾಳೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

ಅವಳು ಎಲೆಯ ಮುಂದೆ ಹೋಗಿ ನಿಂತು, ದಿನಾ ಗಂಡನ ಹತ್ತಿರ ಮಾತಾಡುವ ಸ್ವರದಲ್ಲೇ ಶುರು ಮಾಡಿದಳು.

"ಗಂಜಿ ಕೊಟ್ಟವ್ಳು ನಾನೇ. ನೀವು ಉಳೀಲಿ ಅಂತ ಕೊಟ್ಟದ್ದು. ನಾಳೆ ಬೆಳಿಗ್ಗೆ ಇಲ್ಲ ಅಂತ ಗೊತ್ತಿದ್ರೆ ಬಾಣಲೆಯೇ ತಂದು ಇಡ್ತಿದ್ದೆ. ಗೊತ್ತಿರ್ಲಿಲ್ಲ. ಸಿಟ್ಟಿದ್ರೆ ಇಟ್ಕಳಿ. ನಾ ಇನ್ನು ಕಾಗೆ ಹತ್ರ ಕೇಳೂದಿಲ್ಲ." ಸೆರಗು ಕೊಡವಿ ತಿರುಗಿದಳು. "ಏಳಿ ಎಲ್ಲ, ಊಟಕ್ಕೆ. ನಂಗೆ ಹಸಿವಾತು."

ಜನ ಗರಬಡಿದವರ ಹಾಗೆ ನಿಂತಿದ್ದರು. ಎಡೆ ಮುಟ್ಟುವ ಮೊದಲು ಉಣ್ಣುವುದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಅವಳು ಒಳಗೆ ಹೋಗಿ ಎಲೆ ಹಾಕಿ ತಾನೇ ಮೊದಲು ಕೂತಳು. ಅವಳು ತುತ್ತು ಎತ್ತಿದ ಮೇಲೆ ನಾವೂ ಕೂತೆವು.

ಮೊಸರನ್ನಕ್ಕೆ ಬಂದಿದ್ದೆವು. ಅಂಗಳದಲ್ಲಿ ರೆಕ್ಕೆಯ ಸದ್ದು, ಕಚ್ಚಾಟ. ನಾಲ್ಕೈದು ಕಾಗೆ ಬಂದು ಎಲೆಯನ್ನೇ ಎಳೆದಾಡುತ್ತಿದ್ದವು. ಅಂಗಳದಲ್ಲಿ ಮನುಷ್ಯರೇ ಇಲ್ಲದ ಮೇಲೆ ಅವಕ್ಕೆ ಯಾರ ಟವೆಲ್ಲು ಬೇಕು. ಪಂಕ್ತಿಯವರೆಲ್ಲ ಕೈ ನಿಲ್ಲಿಸಿ ಅವಳ ಮುಖ ನೋಡಿದರು.

"ಮೀನಿದ್ರೆ ಬರೂದೇ," ಎಂದಳು ಅವಳು, ತಲೆ ಎತ್ತದೆ. "ಭಾವಂಗೆ ಇನ್ನೊಂದು ಬಂಗಡೆ ಹಾಕಿ, ಯಾರಾದ್ರೂ."

ಹುಡುಗಿ ಮಾತ್ರ ಊಟಕ್ಕೆ ಕೂತಿರಲಿಲ್ಲ. ಹೊಸ್ತಿಲ ಮೇಲೆ ಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದಳು. ಕೈ ತೊಳೆದು ಹಿಂದಿನಿಂದ ಇಣುಕಿದೆ, ಈ ಸಲ ನನ್ನ ಬಗ್ಗೆ ಎಂತ ಬರೆದಿದ್ದಾಳೋ ಎಂಬ ಹೆದರಿಕೆಯಿಂದ. ನನ್ನ ಹೆಸರೇ ಇರಲಿಲ್ಲ. ಎರಡು ವಾಕ್ಯ ಇತ್ತು:

"ಅಜ್ಜಿ ಮೊದಲು ಉಂಡಳು. ಕಾಗೆ ಆಮೇಲೆ ಬಂತು."

ಗೆರೆಯ ಕೆಳಗೆ ಖಾಲಿ ಬಿಟ್ಟಿದ್ದಳು. ನಾನು ಏನೋ ಹೇಳಲು ಹೋದೆ. ಅವಳು ಪಟ್ಟಿಯನ್ನು ಎದೆಗೆ ಅವುಚಿಕೊಂಡು ಅಜ್ಜಿಯ ಪಕ್ಕದ ಎಲೆಗೆ ಓಡಿದಳು. ಅಜ್ಜಿ ತನ್ನ ಎಲೆಯ ಮೀನನ್ನು ಮುಳ್ಳು ತೆಗೆದು ಅವಳಿಗೆ ಇಟ್ಟಳು.